ಸ್ಮಾಲ್ ಬ್ಯಾಚ್ ಐರಿಷ್ ವಿಸ್ಕಿ: ಕೊಟ್ಟ ಕಾಸಿಗೆ ತಕ್ಕದ್ದೇ?

ಡಬ್ಲಿನ್ ನಗರದ ಲಿಬರ್ಟೀಸ್ ಬಡಾವಣೆಯಲ್ಲಿ ಟೀಲಿಂಗ್ ಡಿಸ್ಟಿಲರಿ ಬಾಗಿಲು ತೆರೆದದ್ದು 2015ರಲ್ಲಿ. ‘ಟೀಲಿಂಗ್ ಸ್ಮಾಲ್ ಬ್ಯಾಚ್’ ಎಂಬ ವಿಸ್ಕಿ ಮಾತ್ರ ಅದಕ್ಕೂ ಮೊದಲೇ ಅಂಗಡಿಗಳಲ್ಲಿ ಮಾರಾಟಕ್ಕಿತ್ತು. ಬಟ್ಟಿ ಇಳಿಸಿದ ಮದ್ಯ ಮರದ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಕಳೆದ ಮೇಲಷ್ಟೇ ಐರಿಷ್ ವಿಸ್ಕಿ ಎನಿಸಿಕೊಳ್ಳಬೇಕು ಎನ್ನುವುದು ಅಲ್ಲಿನ ಕಾನೂನು. ಹಾಗಾದರೆ ಸ್ವಂತ ಡಿಸ್ಟಿಲರಿಯೇ ಇನ್ನೂ ಇಲ್ಲದವರ ಬಾಟಲಿಗೆ ವಿಸ್ಕಿ ಎಲ್ಲಿಂದ ಬಂತು?

ಅದು ಬಂದದ್ದು ಲೌತ್ ಕೌಂಟಿಯ ಕೂಲೀ ಡಿಸ್ಟಿಲರಿಯಿಂದ. ಆಲೂಗಡ್ಡೆಯಿಂದ ಮದ್ಯಸಾರ ತೆಗೆಯಲು ಸರ್ಕಾರ ಕಟ್ಟಿದ್ದ ಹಳೆಯ ಕಾರ್ಖಾನೆಯನ್ನು ಕೊಂಡು 1987ರಲ್ಲಿ ಅದನ್ನು ವಿಸ್ಕಿ ಡಿಸ್ಟಿಲರಿಯಾಗಿಸಿದವರು ಜಾನ್ ಟೀಲಿಂಗ್. ಸುಮಾರು ಕಾಲು ಶತಮಾನದ ನಂತರ ಅದು ಅಮೆರಿಕದ ಬೀಮ್ ಕಂಪನಿಯ ಪಾಲಾಯಿತು. ಆಗ ಮಗ ಜ್ಯಾಕ್ ಟೀಲಿಂಗ್ 2012ರಲ್ಲಿ ತಮ್ಮದೇ ಕಂಪನಿ ಆರಂಭಿಸಿದರು. ಕೂಲೀಯಲ್ಲಿ ಮಾಗುತ್ತಿದ್ದ ವಿಸ್ಕಿಯೇ ಅವರ ಮೊದಲ ಬಾಟಲಿಗಳಿಗೆ ಬಂಡವಾಳವಾಯಿತು. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಸ್ಮಾಲ್ ಬ್ಯಾಚ್ ಎಂದು ಓದಿದೊಡನೆ ಪುಟ್ಟ ಡಿಸ್ಟಿಲರಿ, ಒಂದೆರಡು ತಾಮ್ರದ ಹಂಡೆ, ಅದರ ಪಕ್ಕದಲ್ಲಿ ನಿಂತ ಕಸುಬುದಾರ ಎಂದು ಕಲ್ಪಿಸಿಕೊಂಡು ದುಡ್ಡು ಎಣಿಸುವವರು ಈ ಸಂಗತಿಯನ್ನು ಮೊದಲು ತಿಳಿದಿರಬೇಕು. ನಾವು ಯಾವುದಕ್ಕೆ ದುಡ್ಡು ಕೊಡುತ್ತಿದ್ದೇವೆ ಎಂಬ ಪ್ರಶ್ನೆಗೆ ಆ ಎರಡು ಪದಗಳಲ್ಲಿ ಉತ್ತರವಿಲ್ಲ.

ಉತ್ತರವಿರಲು ಸಾಧ್ಯವೂ ಇಲ್ಲ. ಐರಿಷ್ ವಿಸ್ಕಿಯ ನಿಯಮಗಳೆಲ್ಲ 1980ರ ಕಾಯ್ದೆಯಲ್ಲಿ, ಅದಕ್ಕೆ ಪೂರಕವಾಗಿ 2014ರಲ್ಲಿ ಹೊರಬಂದ ತಾಂತ್ರಿಕ ದಸ್ತಾವೇಜಿನಲ್ಲಿ ಇವೆ. ಐರ್ಲೆಂಡ್ ದ್ವೀಪದಲ್ಲೇ ಬಟ್ಟಿ ಇಳಿಸಿ ಅಲ್ಲೇ ಮಾಗಿಸಬೇಕು, ಪೀಪಾಯಿ 700 ಲೀಟರಿಗಿಂತ ದೊಡ್ಡದಿರಬಾರದು, ಬಾಟಲಿಗೆ ತುಂಬುವಾಗ ಮದ್ಯಸಾರ ಶೇ 40ಕ್ಕಿಂತ ಕಡಿಮೆಯಾಗಬಾರದು, ನೀರು ಮತ್ತು ಬಣ್ಣಕ್ಕಾಗಿ ಸಾದಾ ಕ್ಯಾರಮೆಲ್ ಬಿಟ್ಟು ಬೇರೇನನ್ನೂ ಬೆರೆಸಬಾರದು. ಇಷ್ಟೆಲ್ಲ ಹೇಳುವ ಕಾನೂನು, ಒಂದು ‘ಸ್ಮಾಲ್ ಬ್ಯಾಚ್’ ಎಂದರೆ ಎಷ್ಟು ಪೀಪಾಯಿ ಎಂದು ಹೇಳುವುದಿಲ್ಲ. ಹತ್ತು ಪೀಪಾಯಿ ಬೆರೆಸಿದರೂ ಸ್ಮಾಲ್ ಬ್ಯಾಚ್, ನೂರು ಬೆರೆಸಿದರೂ ಸ್ಮಾಲ್ ಬ್ಯಾಚ್. ಈ ಮಾತು ಚಲಾವಣೆಗೆ ಬಂದದ್ದು ಅಮೆರಿಕದ ಬರ್ಬನ್ ಲೋಕದಿಂದ. ಜಿಮ್ ಬೀಮ್‌ನ ಬುಕರ್ ನೋ 1988ರಲ್ಲಿ ಹೊರತಂದ ‘ಬುಕರ್ಸ್’, ಅದರ ಬೆನ್ನಿಗೆ 1992ರಲ್ಲಿ ಬಂದ ‘ಸ್ಮಾಲ್ ಬ್ಯಾಚ್’ ಸರಣಿ ಅದನ್ನು ಮನೆಮಾತಾಗಿಸಿದವು. ಜಗತ್ತಿನ ಅತಿ ದೊಡ್ಡ ಬರ್ಬನ್ ತಯಾರಕರೇ ಸಣ್ಣ ಎಂಬ ಪದವನ್ನು ಮಾರುಕಟ್ಟೆಗೆ ತಂದರು.

ಲೆಕ್ಕ ಹಾಕಿ ನೋಡೋಣ. ಬರ್ಬನ್ ತುಂಬಿದ್ದ ಮಾಮೂಲಿ ಪೀಪಾಯಿಯಲ್ಲಿ ಸುಮಾರು 200 ಲೀಟರ್ ಹಿಡಿಯುತ್ತದೆ. ಐರ್ಲೆಂಡಿನ ತಂಪು ಹವೆಯಲ್ಲಿ ವರ್ಷಕ್ಕೆ ಶೇ 2ರಷ್ಟು ಆವಿಯಾಗಿ ಹೋಗುತ್ತದೆ. ಹನ್ನೆರಡು ವರ್ಷದ ನಂತರ ಉಳಿಯುವುದು 157 ಲೀಟರಿನಷ್ಟು. ಹನಿ ನೀರೂ ಬೆರೆಸದೆ 700 ಮಿಲಿಲೀಟರಿನ ಬಾಟಲಿಗೆ ತುಂಬಿದರೆ ಸುಮಾರು 224 ಬಾಟಲಿ. ಅಂದರೆ ಐವತ್ತು ಪೀಪಾಯಿಯ ಒಂದು ‘ಸಣ್ಣ’ ಬ್ಯಾಚಿನಿಂದಲೂ ಹನ್ನೊಂದು ಸಾವಿರ ಬಾಟಲಿ ಹೊರಬರುತ್ತವೆ. ಇಷ್ಟು ದೊಡ್ಡ ಸಂಖ್ಯೆಯಲ್ಲಿ ಸಿಗುವ ಸರಕಿಗೆ ಅಪರೂಪದ ಬೆಲೆ ಕೊಡಬೇಕಿಲ್ಲ.

ಬೆಲೆಗೆ ನಿಜವಾಗಿ ಸಂಬಂಧವಿರುವ ಮೊದಲ ಸಂಗತಿ ಬಾಟಲಿಯಲ್ಲಿರುವುದು ಯಾವ ಜಾತಿಯ ವಿಸ್ಕಿ ಎಂಬುದು. ಐರ್ಲೆಂಡಿನಲ್ಲಿ ನಾಲ್ಕು ಜಾತಿಗಳಿವೆ: ಮಾಲ್ಟ್, ಪಾಟ್ ಸ್ಟಿಲ್, ಗ್ರೇನ್ ಮತ್ತು ಇವುಗಳನ್ನು ಬೆರೆಸಿದ ಬ್ಲೆಂಡ್. ಇವುಗಳ ಪೈಕಿ ಪಾಟ್ ಸ್ಟಿಲ್ ಐರ್ಲೆಂಡಿನ ಸ್ವಂತದ್ದು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಕನಿಷ್ಠ ಶೇ 30, ಮೊಳಕೆ ಬರಿಸದ ಹಸಿ ಬಾರ್ಲಿ ಕನಿಷ್ಠ ಶೇ 30 ಇರಲೇಬೇಕು. ಓಟ್ಸ್, ರೈ ಮುಂತಾದ ಬೇರೆ ಧಾನ್ಯ ಶೇ 5ನ್ನು ಮೀರಬಾರದು ಎನ್ನುತ್ತದೆ 2014ರ ದಸ್ತಾವೇಜು. ಈ ವಿಚಿತ್ರ ಮಿಶ್ರಣಕ್ಕೆ ತೆರಿಗೆಯ ಚರಿತ್ರೆಯಿದೆ. 1785ರಲ್ಲಿ ಮೊಳಕೆ ಬಾರ್ಲಿಯ ಮೇಲೆ ಸುಂಕ ಬಿದ್ದಾಗ, ಡಿಸ್ಟಿಲರಿಗಳು ಸುಂಕವಿಲ್ಲದ ಹಸಿ ಬಾರ್ಲಿಯನ್ನು ಹೆಚ್ಚು ಹೆಚ್ಚು ಬಳಸತೊಡಗಿದವು. ಸುಂಕ ತಪ್ಪಿಸಲು ಹಿಡಿದ ಆ ದಾರಿಯಿಂದ ಎಣ್ಣೆಯಂಥ ಜಿಗುಟು, ಮೆಣಸಿನ ಖಾರ, ಹಸಿ ಧಾನ್ಯದ ಘಮ ಇರುವ ಹೊಸದೊಂದು ರುಚಿಯೇ ಹುಟ್ಟಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಡಬ್ಲಿನ್ನಿಗೆ ಹೆಸರು ತಂದದ್ದು ಆ ರುಚಿ.

ಗ್ರೇನ್ ವಿಸ್ಕಿಯ ಕಥೆ ಇದಕ್ಕೆ ತದ್ವಿರುದ್ಧ. ಐರ್ಲೆಂಡಿನಲ್ಲಿ ಅಬಕಾರಿ ಅಧಿಕಾರಿಯಾಗಿದ್ದ ಏನಿಯಸ್ ಕಾಫಿ 1830ರಲ್ಲಿ ಒಂದು ಎತ್ತರದ ಕಂಬದಂಥ ಯಂತ್ರಕ್ಕೆ ಪೇಟೆಂಟ್ ಪಡೆದರು. ತಾಮ್ರದ ಹಂಡೆಯಲ್ಲಿ ಒಂದೊಂದು ಸಲವೂ ತುಂಬಿಸಿ, ಕುದಿಸಿ, ಖಾಲಿ ಮಾಡಿ ಮತ್ತೆ ತುಂಬಿಸಬೇಕು. ಕಾಫಿಯವರ ಕಂಬದಲ್ಲಿ ಒಂದು ತುದಿಯಿಂದ ಧಾನ್ಯದ ಹುಳಿರಸ ಹರಿಯುತ್ತಲೇ ಇರುತ್ತದೆ, ಇನ್ನೊಂದು ತುದಿಯಿಂದ ತಿಳಿಯಾದ ಮದ್ಯಸಾರ ಸುರಿಯುತ್ತಲೇ ಇರುತ್ತದೆ. ಮೆಕ್ಕೆಜೋಳವೋ ಗೋಧಿಯೋ ಸಾಕು; ಉರುವಲು ಕಡಿಮೆ, ಕೂಲಿ ಕಡಿಮೆ. ಬಂದ ಮದ್ಯ ಹಗುರ, ಗುಣ ತೆಳು. ಡಬ್ಲಿನ್ನಿನ ದೊಡ್ಡ ಮನೆತನಗಳು ಇದನ್ನು ಮುಟ್ಟಲಿಲ್ಲ. ಜಾನ್ ಜೇಮ್ಸನ್, ವಿಲಿಯಂ ಜೇಮ್ಸನ್, ಜಾನ್ ಪವರ್, ಜಾರ್ಜ್ ರೋ ಎಂಬ ನಾಲ್ಕು ಸಂಸ್ಥೆಗಳು ಸೇರಿ 1878ರಲ್ಲಿ ಒಂದು ಪುಸ್ತಕವನ್ನೇ ಹೊರಡಿಸಿ, ಹೀಗೆ ಕಂಬದಿಂದ ಬಂದದ್ದನ್ನು ಬೆರೆಸಿ ವಿಸ್ಕಿ ಎಂದು ಮಾರುವುದು ಜನರಿಗೆ ಬಗೆಯುವ ವಂಚನೆ ಎಂದು ವಾದಿಸಿದವು. 1909ರಲ್ಲಿ ಬ್ರಿಟನ್ನಿನ ರಾಯಲ್ ಕಮಿಷನ್ ಅವರ ವಿರುದ್ಧ ತೀರ್ಪಿತ್ತಿತು. ಅದೂ ವಿಸ್ಕಿಯೇ ಎಂದಿತು. ಸ್ಕಾಟ್ಲೆಂಡ್ ಬ್ಲೆಂಡ್ ಹಿಡಿದು ಮುಂದೆ ಹೋಯಿತು. ಐರ್ಲೆಂಡ್ ಹಿಂದೆ ಬಿತ್ತು. ಆಮೇಲೆ ಸ್ವಾತಂತ್ರ್ಯ ಯುದ್ಧ, ಅಮೆರಿಕದ ಪಾನನಿಷೇಧ, ಬ್ರಿಟನ್ನಿನೊಡನೆ ವ್ಯಾಪಾರ ಸಮರ ಒಂದರ ಮೇಲೊಂದು ಎರಗಿ, 1980ರ ದಶಕಕ್ಕೆ ಬರುವಾಗ ಇಡೀ ದ್ವೀಪದಲ್ಲಿ ಉಳಿದದ್ದು ದಕ್ಷಿಣದ ಮಿಡಲ್ಟನ್, ಉತ್ತರದ ಬುಷ್‌ಮಿಲ್ಸ್ ಎಂಬ ಎರಡೇ ಊರುಗಳ ಡಿಸ್ಟಿಲರಿಗಳು. ಕೂಲೀ ಮೂರನೆಯದಾಗಿ ಸೇರಿಕೊಂಡಿತು. ಈಗ ಸಂಖ್ಯೆ ನಲವತ್ತನ್ನು ದಾಟಿದೆ.

ನೂರೈವತ್ತು ವರ್ಷದ ಹಿಂದಿನ ಆ ಜಗಳವೇ ಇವತ್ತಿನ ಗ್ರಾಹಕನ ಪ್ರಶ್ನೆಯೂ ಹೌದು. ಟೀಲಿಂಗ್ ಸ್ಮಾಲ್ ಬ್ಯಾಚ್ ಸೇರಿದಂತೆ ಸ್ಮಾಲ್ ಬ್ಯಾಚ್ ಎಂದು ಬರೆದುಕೊಂಡ ಎಷ್ಟೋ ಐರಿಷ್ ಬಾಟಲಿಗಳು ಬ್ಲೆಂಡ್‌ಗಳೇ. ಅದರಲ್ಲಿ ಅಗ್ಗದ ಗ್ರೇನ್ ಎಷ್ಟು, ದುಬಾರಿ ಮಾಲ್ಟ್ ಎಷ್ಟು? ನಮ್ಮೂರಿನ ಕಾಫಿಪುಡಿ ಪೊಟ್ಟಣದ ಮೇಲೆ ಚಿಕೋರಿ ಶೇಕಡಾ ಎಷ್ಟೆಂದು ಅಚ್ಚು ಹಾಕಿರುತ್ತಾರೆ. ಅದನ್ನು ನೋಡಿಯೇ ನಾವು ಬೆಲೆ ಒಪ್ಪುತ್ತೇವೆ. ಬ್ಲೆಂಡೆಡ್ ವಿಸ್ಕಿಯ ಮೇಲೆ ಆ ಲೆಕ್ಕ ಬರೆಯಬೇಕೆಂಬ ಕಡ್ಡಾಯವಿಲ್ಲ. ಯಾರಾದರೂ ತಾವಾಗಿಯೇ ಹೇಳಿದರೆ ಆ ತಯಾರಕರ ಮೇಲೆ ನನಗೆ ಗೌರವ ಹೆಚ್ಚುತ್ತದೆ. ಬುಷ್‌ಮಿಲ್ಸ್‌ನ ‘ಬ್ಲ್ಯಾಕ್ ಬುಷ್’ ಕೂಡ ಬ್ಲೆಂಡೇ, ಆದರೆ ಅದರಲ್ಲಿ ಬಹುಪಾಲು ಮಾಲ್ಟ್. ಅದೂ ಒಲೊರೊಸೊ ಶೆರಿ ಪೀಪಾಯಿಯಲ್ಲಿ ಮಾಗಿದ್ದು. ಇಷ್ಟಿದ್ದೂ ಅದು ದುಬಾರಿ ಬಾಟಲಿಗಳ ಸಾಲಿನಲ್ಲಿಲ್ಲ. ಯಾವುದೇ ಸ್ಮಾಲ್ ಬ್ಯಾಚ್ ಬ್ಲೆಂಡ್ ತನ್ನ ಬೆಲೆಗೆ ತಕ್ಕುದೇ ಎಂದು ಅಳೆಯಲು ನಾನು ಮೊದಲು ಇಡುವ ಗಜಕಡ್ಡಿ ಬ್ಲ್ಯಾಕ್ ಬುಷ್.

ಎರಡನೆಯ ಸಂಗತಿ ಲೇಬಲ್ಲಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುವ ಶೇಕಡಾವಾರು. ಟೀಲಿಂಗ್ ಸ್ಮಾಲ್ ಬ್ಯಾಚ್ ಶೇ 46ರದ್ದು. ಜೇಮ್ಸನ್, ಬ್ಲ್ಯಾಕ್ ಬುಷ್, ಹನ್ನೆರಡು ವರ್ಷದ ‘ರೆಡ್‌ಬ್ರೆಸ್ಟ್’ ಎಂಬ ಪಾಟ್ ಸ್ಟಿಲ್ ವಿಸ್ಕಿ ಎಲ್ಲ ಶೇ 40. ಆರು ಅಂಕಿಯ ಈ ಅಂತರ ಕಡಿಮೆಯೇನಲ್ಲ. ಶೇ 46ರ ಒಂದು ಬಾಟಲಿಗೆ ನೀರು ಬೆರೆಸಿ ಶೇ 40ಕ್ಕೆ ಇಳಿಸಿದರೆ 700 ಮಿಲಿಲೀಟರ್ ಇದ್ದದ್ದು 805 ಆಗುತ್ತದೆ. ಅಂದರೆ ಅದೇ ಬಾಟಲಿಯಲ್ಲಿ ಶೇ 15ರಷ್ಟು ಹೆಚ್ಚು ಸರಕಿದೆ. ಜೊತೆಗೆ ಇನ್ನೊಂದು ಲಾಭ. ಮದ್ಯಸಾರ ಕಡಿಮೆಯಿದ್ದಾಗ, ತಣ್ಣಗಾದರೆ ಅಥವಾ ನೀರು ಬಿದ್ದರೆ, ವಿಸ್ಕಿಯೊಳಗಿನ ಕೊಬ್ಬಿನಂಶದ ಎಸ್ಟರುಗಳು ಹೆಪ್ಪುಗಟ್ಟಿ ಮಬ್ಬಾಗಿ ಕಾಣುತ್ತದೆ. ನೋಡುವವರಿಗೆ ಇದು ಹಿಡಿಸದೆಂದು ಕಂಪನಿಗಳು ವಿಸ್ಕಿಯನ್ನು ಮೊದಲೇ ತಣಿಸಿ ಸೋಸಿಬಿಡುತ್ತವೆ. ಆ ಮಬ್ಬಿನ ಜೊತೆ ನಾಲಿಗೆಯ ಮೇಲೆ ಹರಡುವ ಮೈಯೂ ಸ್ವಲ್ಪ ಹೋಗುತ್ತದೆ. ಶೇ 46ರಲ್ಲಿ ಮಬ್ಬಿನ ಭಯ ಇಲ್ಲದ್ದರಿಂದ ಸೋಸುವ ಅಗತ್ಯ ಬೀಳುವುದಿಲ್ಲ. ಟೀಲಿಂಗ್ ಹಾಗೆ ಸೋಸುವುದಿಲ್ಲ. ಈ ಬಾಟಲಿಯ ಪರವಾಗಿ ನಾನು ಹೇಳಬಲ್ಲ ಅತಿ ಗಟ್ಟಿಯಾದ ಮಾತು ಇದು.

ಇನ್ನು ತೆರಿಗೆ. ಐರ್ಲೆಂಡಿನಲ್ಲಿ ಅಪ್ಪಟ ಮದ್ಯಸಾರದ ಪ್ರತಿ ಲೀಟರಿಗೆ 42.57 ಯೂರೋ ಅಬಕಾರಿ ಸುಂಕ. ಒಟ್ಟು ಬೆಲೆಯ ಮೇಲೆ ಶೇ 23 ವ್ಯಾಟ್. 2022ರ ಜನವರಿಯಿಂದ ಒಂದು ಗ್ರಾಂ ಮದ್ಯಸಾರಕ್ಕೆ ಹತ್ತು ಸೆಂಟಿಗಿಂತ ಕಡಿಮೆಗೆ ಮಾರುವಂತಿಲ್ಲ ಎಂಬ ನಿಯಮವೂ ಸೇರಿದೆ. ಆದ್ದರಿಂದ ಶೇ 40ರ ಯಾವ ವಿಸ್ಕಿಯೂ ಅಲ್ಲಿ ಸುಮಾರು 22 ಯೂರೋಗಿಂತ ಕೆಳಗೆ ಸಿಗುವುದಿಲ್ಲ. ಈಗ ಮೂರು ಬಾಟಲಿ ಎದುರಿಗಿಟ್ಟುಕೊಳ್ಳೋಣ. ಶೇ 40ರ 25 ಯೂರೋ ಬಾಟಲಿಯಲ್ಲಿ ಸುಂಕ, ವ್ಯಾಟ್ ಕಳೆದರೆ ಉಳಿಯುವುದು 8 ಯೂರೋ 40 ಸೆಂಟ್. ಶೇ 46ರ 40 ಯೂರೋ ಬಾಟಲಿಯಲ್ಲಿ 18 ಯೂರೋ 80 ಸೆಂಟ್. ಶೇ 40ರ 70 ಯೂರೋ ಬಾಟಲಿಯಲ್ಲಿ 45 ಯೂರೋ. ಮೊದಲನೆಯದರಿಂದ ಎರಡನೆಯದಕ್ಕೆ ಬೆಲೆ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚಾದರೆ, ತಯಾರಕ ಮತ್ತು ಅಂಗಡಿಯವರ ಕೈಗೆ ಸಿಗುವ ಹಣ ಎರಡು ಪಟ್ಟನ್ನೂ ಮೀರುತ್ತದೆ. ಸುಂಕ ಬೆಲೆಯನ್ನು ನೋಡುವುದಿಲ್ಲ, ಮದ್ಯಸಾರವನ್ನಷ್ಟೇ ಅಳೆಯುತ್ತದೆ. ಹಾಗಾಗಿ ತಳಮಟ್ಟದಿಂದ ಒಂದು ಮೆಟ್ಟಿಲು ಮೇಲೇರಿದಾಗ ಗುಣದಲ್ಲಿ ಕಾಣುವ ಏರಿಕೆ ದೊಡ್ಡದು. ಮೇಲಿನ ಮೆಟ್ಟಿಲುಗಳಲ್ಲಿ ಹೆಚ್ಚುವ ಹಣ ವಿಸ್ಕಿಗೇ ಹೋಗುತ್ತದೆಂಬ ಖಾತ್ರಿಯಿಲ್ಲ. ದಪ್ಪ ಗಾಜು, ಮರದ ಬಿರಡೆ, ಉಬ್ಬು ಅಚ್ಚಿನ ರಟ್ಟಿನ ಪೆಟ್ಟಿಗೆ, ಜಾಹೀರಾತು ಎಲ್ಲವೂ ಅದರಲ್ಲೇ ಸೇರಿರುತ್ತವೆ.

ವಿಸ್ಕಿಗೇ ಹೋಗಿದೆ ಎಂದು ಹೇಗೆ ತಿಳಿಯುವುದು? ವಯಸ್ಸು ಮತ್ತು ಮರ ಎರಡನ್ನೂ ನೋಡಬೇಕು. ಲೇಬಲ್ಲಿನ ಮೇಲೆ ‘12 ವರ್ಷ’ ಎಂದಿದ್ದರೆ ಬಾಟಲಿಯೊಳಗಿನ ಅತಿ ಕಿರಿಯ ಹನಿಗೂ ಹನ್ನೆರಡು ತುಂಬಿರಬೇಕು, ಇದು ಕಾನೂನು. ವಯಸ್ಸೇ ಬರೆದಿಲ್ಲವೆಂದರೆ ಮೂರು ವರ್ಷ ದಾಟಿದೆ ಎಂಬುದಷ್ಟೇ ಖಚಿತ. ಟೀಲಿಂಗ್ ಸ್ಮಾಲ್ ಬ್ಯಾಚ್‌ನ ಮೇಲೆ ವಯಸ್ಸಿಲ್ಲ. ಬರ್ಬನ್ ಪೀಪಾಯಿಯಲ್ಲಿ ಮಾಗಿದ ಗ್ರೇನ್ ಮತ್ತು ಮಾಲ್ಟನ್ನು ಕೊನೆಯ ಕೆಲವು ತಿಂಗಳು ರಮ್ ತುಂಬಿದ್ದ ಪೀಪಾಯಿಗೆ ಬದಲಿಸುತ್ತಾರೆ. ಆ ಕೆಲವು ತಿಂಗಳಲ್ಲಿ ಕಂದು ಸಕ್ಕರೆಯ ಸಿಹಿ, ಸ್ವಲ್ಪ ಒಣಹಣ್ಣಿನ ವಾಸನೆ ಅಂಟಿಕೊಳ್ಳುತ್ತದೆ. ಎಳೆಯ ವಿಸ್ಕಿಯ ಒರಟನ್ನು ಮುಚ್ಚಲು ಇದು ಒಳ್ಳೆಯ ಉಪಾಯವೆಂದು ಕೆಲವರು ಹೇಳುತ್ತಾರೆ. ಮುಚ್ಚುವುದಷ್ಟೇ ಆಗಿದ್ದರೆ ಬಾಯಲ್ಲಿ ಸಿಹಿ ಬೇಗ ಕರಗಿ ಕೊನೆಗೆ ಸ್ಪಿರಿಟ್ಟಿನ ಉರಿ ಉಳಿಯಬೇಕಿತ್ತು. ನನ್ನ ನಾಲಿಗೆಗೆ ಇದರಲ್ಲಿ ಸಿಹಿಯ ಹಿಂದೆಯೇ ಮಸಾಲೆಯ ಖಾರ ಬಂದು ನಿಲ್ಲುತ್ತದೆ. ಕೆಲಸ ಮುಚ್ಚುವುದರಾಚೆಗೂ ಹೋಗಿದೆ ಎನಿಸುತ್ತದೆ.

ಮರದ ಬೆಲೆಯಲ್ಲಿ ಭಾರಿ ವ್ಯತ್ಯಾಸವಿದೆ. ಬರ್ಬನ್ನಿಗೆ ಪ್ರತಿ ಸಲವೂ ಹೊಸ, ಒಳಮೈ ಸುಟ್ಟ ಓಕ್ ಪೀಪಾಯಿಯೇ ಬೇಕೆಂದು ಅಮೆರಿಕದ ಕಾನೂನು ಹೇಳುವುದರಿಂದ ಒಮ್ಮೆ ಬಳಸಿದವು ರಾಶಿಗಟ್ಟಲೆ ಸಿಗುತ್ತವೆ, ಅಗ್ಗವಾಗಿಯೂ ಸಿಗುತ್ತವೆ. ಸ್ಪೇನಿನಿಂದ ಬರುವ 500 ಲೀಟರಿನ ಶೆರಿ ಪೀಪಾಯಿ ಬಹಳ ದುಬಾರಿ. ರೆಡ್‌ಬ್ರೆಸ್ಟ್‌ನ ಬೆಲೆಯಲ್ಲಿ ಈ ಮರದ ಪಾಲೂ ಇದೆ, ಹನ್ನೆರಡು ವರ್ಷದ ಕಾಯುವಿಕೆಯ ಪಾಲೂ ಇದೆ. ಎರಡೂ ಲೇಬಲ್ಲಿನ ಮೇಲೆ ಕಾಣುತ್ತವೆ. ಇನ್ನೊಂದನ್ನು ಗಮನಿಸಬೇಕು. ರೆಡ್‌ಬ್ರೆಸ್ಟ್ ಹುಟ್ಟುವುದು ಮಿಡಲ್ಟನ್‌ನಲ್ಲಿ, 75,000 ಲೀಟರಿನಷ್ಟು ದೊಡ್ಡ ತಾಮ್ರದ ಹಂಡೆಗಳಲ್ಲಿ. ಪರ್ನೋ ರಿಕಾರ್ ಎಂಬ ಫ್ರೆಂಚ್ ದೈತ್ಯ ಕಂಪನಿಯ ಅಂಗಳದಲ್ಲಿ. ಸಣ್ಣ ಎಂದು ಕರೆಯಲು ಅದರಲ್ಲಿ ಏನೂ ಇಲ್ಲ. ಆದರೂ ಪಾಟ್ ಸ್ಟಿಲ್ ಎಂದರೆ ಏನೆಂದು ಒಂದೇ ಗುಟುಕಿನಲ್ಲಿ ತಿಳಿಸುವ ಬಾಟಲಿ ಅದೇ.

ವಯಸ್ಸಿನ ಮಾತು ಬಂದಾಗ ಬೆಂಗಳೂರನ್ನು ನೆನೆಯದಿರಲು ಸಾಧ್ಯವಿಲ್ಲ. ಇಲ್ಲಿನ ಅಮೃತ್ ಡಿಸ್ಟಿಲರಿ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಪರಿಚಯಿಸಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ನಮ್ಮ ಹವೆಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ 10ರಿಂದ 12ರಷ್ಟು ಆವಿಯಾಗುತ್ತದೆ. ನಾಲ್ಕೇ ವರ್ಷಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಗಾಳಿಪಾಲು. ಐರ್ಲೆಂಡಿನಲ್ಲಿ ಹನ್ನೆರಡು ವರ್ಷಕ್ಕೂ ಅಷ್ಟು ಹೋಗುವುದಿಲ್ಲ. ಮರದೊಡನೆ ಮದ್ಯದ ಒಡನಾಟವೂ ಇಲ್ಲಿ ಅಷ್ಟೇ ಬೇಗ ಸಾಗುತ್ತದೆ. ಆದ್ದರಿಂದ ಲೇಬಲ್ಲಿನ ವರ್ಷಗಳನ್ನು ಒಂದೇ ಹವೆಯ ವಿಸ್ಕಿಗಳ ನಡುವೆ ಮಾತ್ರ ಹೋಲಿಸಬೇಕು. ಐದು ವರ್ಷದ ಐರಿಷ್ ವಿಸ್ಕಿಯನ್ನೂ ಐದು ವರ್ಷದ ಕರ್ನಾಟಕದ ವಿಸ್ಕಿಯನ್ನೂ ಒಂದೇ ತಕ್ಕಡಿಗೆ ಹಾಕುವಂತಿಲ್ಲ.

ಲೇಬಲ್ಲಿನಲ್ಲಿ ಇನ್ನೊಂದು ಪದವನ್ನು ಹುಡುಕುವುದುಂಟು: ಬಟ್ಟಿ ಇಳಿಸಿದವರು ಯಾರು? ‘ಇವರಿಗಾಗಿ ತಯಾರಿಸಿದ್ದು’, ‘ಇವರು ಬಾಟಲಿಗೆ ತುಂಬಿದ್ದು’ ಎಂದಷ್ಟೇ ಇದ್ದರೆ ಒಳಗಿರುವುದು ಬೇರೊಬ್ಬರ ವಿಸ್ಕಿ ಇರಬಹುದು. ಅದನ್ನು ಕಂಡುಹಿಡಿಯಲು ಸುಲಭದ ಲೆಕ್ಕವೊಂದಿದೆ. ಮೂರು ವರ್ಷದ ಹಿಂದೆ ಶುರುವಾದ ಡಿಸ್ಟಿಲರಿಯವರು ಹತ್ತು ವರ್ಷದ ವಿಸ್ಕಿ ಮಾರುತ್ತಿದ್ದರೆ ಅದು ಅವರದ್ದಲ್ಲ. ಡಂಡಾಕ್ ಊರಿನ ಹಳೆಯ ಬಿಯರ್ ಕಾರ್ಖಾನೆಯಲ್ಲಿ ಜಾನ್ ಟೀಲಿಂಗ್ ಎರಡನೆಯ ಬಾರಿಗೆ ಕಟ್ಟಿದ ಗ್ರೇಟ್ ನಾರ್ದರ್ನ್ ಡಿಸ್ಟಿಲರಿ ಇಂಥ ಅನೇಕರಿಗೆ ಸರಕು ಪೂರೈಸುತ್ತದೆ. ಕೊಂಡು ತಂದದ್ದಾದರೂ ಚೆನ್ನಾಗಿ ಆರಿಸಿ, ಒಳ್ಳೆಯ ಮರದಲ್ಲಿಟ್ಟು, ಅದನ್ನು ಬಾಯಿಬಿಟ್ಟು ಹೇಳಿ ಮಾರಿದರೆ ಬೆಲೆ ಕೊಡಲು ಅಡ್ಡಿಯಿಲ್ಲ. ಹೇಳದೆ, ಅಜ್ಜನ ಕಾಲದ ಕಥೆಯೊಂದನ್ನು ಬಾಟಲಿಯ ಬೆನ್ನಿಗೆ ಅಂಟಿಸಿ ದುಪ್ಪಟ್ಟು ಕೇಳುವವರಿಗೆ ಕೊಡಬಾರದು.

ಎಲ್ಲವನ್ನೂ ಹೇಳಿದವರೂ ಇದ್ದರು. ಮಾರ್ಕ್ ರೇನಿಯರ್ ಎಂಬವರು ಹಳೆಯ ಗಿನ್ನೆಸ್ ಬ್ರೂವರಿಯೊಂದರಲ್ಲಿ ಆರಂಭಿಸಿದ ವಾಟರ್‌ಫರ್ಡ್ ಡಿಸ್ಟಿಲರಿ ಬಾರ್ಲಿ ಬೆಳೆದ ಹೊಲ ಯಾವುದು ಎನ್ನುವ ಮಟ್ಟಕ್ಕೆ ವಿವರ ಕೊಡುತ್ತಿತ್ತು. ಒಂದೊಂದು ಹೊಲದ ಬೆಳೆಯನ್ನೂ ಬೇರೆಬೇರೆಯಾಗಿ ಬಟ್ಟಿ ಇಳಿಸುತ್ತಿತ್ತು. ಪಾರದರ್ಶಕತೆಯಲ್ಲಿ ಅದಕ್ಕೆ ಸಾಟಿ ಇರಲಿಲ್ಲ. 2024ರ ನವೆಂಬರಿನಲ್ಲಿ ಆ ಕಂಪನಿ ಸಾಲ ಕೊಟ್ಟವರ ಪರ ಆಡಳಿತಗಾರರ ವಶಕ್ಕೆ ಹೋಯಿತು. ಸಾಲ, ದಾಸ್ತಾನು, ಬಡ್ಡಿ ಎಲ್ಲವನ್ನೂ ಹೊತ್ತು ವರ್ಷಗಟ್ಟಲೆ ಕಾಯಬೇಕಾದ ಉದ್ಯಮವಿದು. ಹೊಸ, ನಿಜಕ್ಕೂ ಸಣ್ಣ ಡಿಸ್ಟಿಲರಿಯ ಬಾಟಲಿಯಲ್ಲಿ ಆ ಕಾಯುವಿಕೆಯ ಖರ್ಚೂ ಸೇರಿರುತ್ತದೆ. ಅವರು ಬದುಕಿ ಉಳಿಯಲೆಂದು ನಾಲ್ಕು ಕಾಸು ಹೆಚ್ಚು ಕೊಡುವುದು ಒಳ್ಳೆಯ ಕಾರಣವೇ. ಅದನ್ನು ರುಚಿಯ ಬೆಲೆ ಎಂದು ಮಾತ್ರ ಭಾವಿಸಬೇಡಿ.

ಕೊನೆಗೆ ಬಾಯಿಯದೇ ತೀರ್ಪು. ಬಾಟಲಿ ಕೊಳ್ಳುವ ಮೊದಲು ಒಂದು ಅಳತೆ ಕುಡಿದು ನೋಡುವುದು ಕ್ಷೇಮ. ಐರ್ಲೆಂಡಿನ ಪಬ್ಬುಗಳಲ್ಲಿ ಒಂದು ಅಳತೆಗೆ 35.5 ಮಿಲಿಲೀಟರ್; ಬಾಟಲಿಯೊಂದರಲ್ಲಿ ಇಪ್ಪತ್ತಕ್ಕೆ ಸ್ವಲ್ಪ ಕಡಿಮೆ ಅಳತೆಗಳಾಗುತ್ತವೆ. ಬಾಯಿ ಕಿರಿದಾದ ಲೋಟ ಕೇಳಿ ಪಡೆಯಿರಿ. ಪಕ್ಕದಲ್ಲೇ ಅದರ ಅರ್ಧ ಬೆಲೆಯ ಇನ್ನೊಂದನ್ನು ಇಟ್ಟುಕೊಂಡು, ಯಾವುದು ಯಾವುದೆಂದು ಹೇಳದೆ ಲೋಟಗಳನ್ನು ಗೆಳೆಯರಿಂದ ಅದಲುಬದಲು ಮಾಡಿಸಿ. ಶೇ 46ರದ್ದಕ್ಕೆ ಹನಿ ಹನಿಯಾಗಿ ನೀರು ಬಿಟ್ಟು ಶಕ್ತಿಯನ್ನು ಸರಿಸಮಕ್ಕೆ ತನ್ನಿ, ಇಲ್ಲದಿದ್ದರೆ ಖಾರ ಹೆಚ್ಚಿದ್ದೇ ಮೇಲೆಂದು ತೋರುತ್ತದೆ. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ, ನಿಂತಷ್ಟು ಹೊತ್ತೂ ಬದಲಾಗುತ್ತದೆಯೇ ಎಂಬುದನ್ನು ಗಮನಿಸಿ. ಮೊದಲ ಸಿಹಿಯನ್ನು ಯಾವ ಪೀಪಾಯಿಯಾದರೂ ಕೊಡುತ್ತದೆ, ಬಾಲದ ಉದ್ದವನ್ನು ಕೊಡುವುದು ಒಳ್ಳೆಯ ಸ್ಪಿರಿಟ್.

ಕರ್ನಾಟಕದಲ್ಲಿ ಕೂತು ಕೊಳ್ಳುವವರ ಲೆಕ್ಕ ಬೇರೆ. ಬಹುಕಾಲ ವಿದೇಶಿ ವಿಸ್ಕಿಗೆ ಶೇ 150 ಆಮದು ಸುಂಕವಿತ್ತು. ಅದರ ಮೇಲೆ ರಾಜ್ಯದ ಅಬಕಾರಿ ಸುಂಕ. ಡಬ್ಲಿನ್ನಿನಲ್ಲಿ ನ್ಯಾಯವೆನಿಸಿದ ಬೆಲೆ ಇಲ್ಲಿನ ಅಂಗಡಿಯಲ್ಲಿ ನ್ಯಾಯವಾಗಿ ಉಳಿಯುವುದಿಲ್ಲ. ಅದೇ ದುಡ್ಡಿಗೆ ಬೆಂಗಳೂರಿನ ಒಳ್ಳೆಯ ಸಿಂಗಲ್ ಮಾಲ್ಟ್ ಸಿಗುವಾಗ, ಬ್ಲೆಂಡೊಂದನ್ನು ಸಮುದ್ರ ದಾಟಿಸಿ ತರಿಸುವುದಕ್ಕೆ ನಾನು ಒಪ್ಪುವುದಿಲ್ಲ. ಐರ್ಲೆಂಡಿನಲ್ಲಿ ಕೆಲಸಕ್ಕಿರುವ ಮಕ್ಕಳು, ಬಂಧುಗಳು ಊರಿಗೆ ಬರುವಾಗ ಒಬ್ಬೊಬ್ಬರೂ ಎರಡು ಲೀಟರ್ ಸುಂಕವಿಲ್ಲದೆ ತರಬಹುದು; ಹೋಲಿಕೆ ಮಾಡಬೇಕಾದದ್ದು ಅಲ್ಲಿ. ವಿಮಾನ ನಿಲ್ದಾಣದ ಮಳಿಗೆಗೆಂದೇ ಮಾಡಿದ, ವಯಸ್ಸು ಬರೆಯದ ‘ವಿಶೇಷ’ ಬಾಟಲಿಗಳನ್ನು ಬಿಟ್ಟು ಊರೊಳಗೂ ಸಿಗುವ ಹೆಸರುಗಳನ್ನೇ ನೋಡಲು ಹೇಳಿ, ಬೆಲೆ ಸರಿಯಿದೆಯೇ ಎಂದು ಆಗ ತಿಳಿಯುತ್ತದೆ.

ಟೀಲಿಂಗ್ ಸ್ಮಾಲ್ ಬ್ಯಾಚ್ ಬ್ಲ್ಯಾಕ್ ಬುಷ್‌ಗಿಂತ ಶೇ 15ರಿಂದ 20ರಷ್ಟು ಹೆಚ್ಚಿಗೆ ಸಿಕ್ಕರೆ ಕೊಳ್ಳಬಹುದು; ಹೆಚ್ಚಿನ ಆ ದುಡ್ಡು ಹೆಚ್ಚಿನ ಶಕ್ತಿಗೆ, ಸೋಸದೆ ಬಿಟ್ಟ ಮೈಗೆ ಸರಿಹೋಗುತ್ತದೆ. ಒಂದೂವರೆ ಪಟ್ಟು ಕೇಳಿದರೆ ಇನ್ನೊಂದಿಷ್ಟು ಸೇರಿಸಿ ಹನ್ನೆರಡು ವರ್ಷದ ರೆಡ್‌ಬ್ರೆಸ್ಟ್ ತರಿಸುವುದೇ ಮೇಲು. ಬಂಧುವಿನ ಚೀಲದಲ್ಲಿ ಒಂದೇ ಬಾಟಲಿಗೆ ಜಾಗವಿದೆ ಎಂದರೆ ಎರಡನೆಯ ಯೋಚನೆಯಿಲ್ಲದೆ ರೆಡ್‌ಬ್ರೆಸ್ಟ್ ತರಲು ಹೇಳುತ್ತೇನೆ.